ಕೊಡಲಿ ಅಕ್ಕನ ಗುಂಪಿನಲ್ಲಿ ನಾನು ಹಿಡಿದ ಕಸುಬು

ನನ್ನ ಹೆಂಡತಿ ತೀರಿಕೊಂಡ ಸುದ್ದಿ ಮಕ್ಕಳಿಗೂ ನೆಂಟರಿಗೂ ಬೆಳಿಗ್ಗೆಯೇ ಮುಟ್ಟಿತು. ಅವಳ ಕಂಪ್ಯೂಟರ್ ಆಟದ ಜೊತೆಗಾರರಿಗೆ ಅದು ತಿಳಿದದ್ದು ಸಂಜೆ, ನನ್ನ ಬಾಯಿಂದ.

ಹಿಂದಿನ ರಾತ್ರಿ ಎದೆನೋವೆಂದು ಆಟದ ನಡುವೆ ಕುರ್ಚಿಯಿಂದ ಎದ್ದವಳು ಆಸ್ಪತ್ರೆಯಿಂದ ಮರಳಲಿಲ್ಲ. ಅವಳ ಕಂಪ್ಯೂಟರನ್ನು ಆರಿಸುವ ನೆನಪು ಯಾರಿಗೂ ಬಂದಿರಲಿಲ್ಲ. ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಸಣ್ಣ ದನಿ ಬರುತ್ತಿತ್ತು. "ಅಕ್ಕಾ, ನಿನ್ನೆ ಎಲ್ಲಿ ಹೋಗ್ಬಿಟ್ರಿ? ಇವತ್ತೂ ಗುಹೆ ಬಾಗಿಲಲ್ಲಿ ಕಾಯ್ತಾ ಇದೀವಿ."

ಅದನ್ನು ಕಿವಿಗೆ ಹಾಕಿಕೊಂಡೆ. ಆಚೆ ದಡದವರನ್ನು ಕರೆಯುವಂತೆ ಕೂಗಿ ಹೇಳಿದೆ: "ನಾನು ಅವಳ ಯಜಮಾನ. ಅವಳು ಇವತ್ತು ದೇವರ ಪಾದ ಸೇರಿದಳು."

ಆ ಕಡೆ ಒಬ್ಬ ಹೆಣ್ಣುಮಗಳು ಬಿಕ್ಕಿದಳು. ಅವಳು ನರ್ಸು ಎಂದು ಆಮೇಲೆ ತಿಳಿಯಿತು. ಗುಂಪಿನ ಹಿರಿಯ, ಬಸ್ ಡ್ರೈವರು, ಹೇಳಿದ: "ನಮಗೆ ಅವರು ಕೊಡಲಿ ಅಕ್ಕ, ಯಜಮಾನ್ರೇ. ಕೊಡಲಿ ಹಿಡಿದು ಯಾವ ಗುಹೆಗಾದ್ರೂ ಮೊದಲು ನುಗ್ಗೋರು ಅವರೇ."

ನನಗೆ ಆಶ್ಚರ್ಯವಾಯಿತು. ಜಿರಳೆ ಕಂಡರೆ ನನ್ನನ್ನು ಕೂಗುತ್ತಿದ್ದವಳು ಅವಳು.

ಆ ಆಟದಲ್ಲಿ ಐವರ ಗುಂಪು ಗುಹೆಗೆ ನುಗ್ಗಿ ಮೃಗಗಳೊಡನೆ ಕಾದಾಡಬೇಕು; ಜೊತೆಗೆ ಸಾಮಾನು ಕೂಡಿಸಿ ತರುವ ಕಸುಬುಗಳೂ ಇವೆ. ಕಾಡಿನಲ್ಲಿ ಮದ್ದಿನ ಗಿಡ ಕೀಳಬಹುದು, ಬಂಡೆ ಒಡೆದು ಅದಿರು ತೆಗೆಯಬಹುದು, ಬಿದ್ದ ಮೃಗದ ಚರ್ಮ ಸುಲಿಯಬಹುದು. ಒಬ್ಬನಿಗೆ ಎರಡು ಕಸುಬು ಮಾತ್ರ. ನಾನು ಆಡಲೆಂದು ಅವಳು ಮೊದಲೇ ಒಬ್ಬ ಬಡಕಲು ಮುದುಕನ ಪಾತ್ರವನ್ನು ಮಾಡಿ ಆಟದ ಪೇಟೆಯ ನಡುವೆ ನಿಲ್ಲಿಸಿದ್ದಳು. "ಕಸುಬು ನೀವೇ ಆರಿಸ್ಕೊಳ್ಳಿ. ಆಮೇಲೆ ನನ್ನ ತಲೆ ತಿನ್ನಬೇಡಿ" ಎಂದಿದ್ದಳು. ನಾನು ನಾಳೆ ನಾಳೆ ಎನ್ನುತ್ತಾ ಬಂದೆ.

ಕೆಲವು ವಾರಗಳ ಮೇಲೆ ಡ್ರೈವರು ಫೋನ್ ಮಾಡಿದ. "ಅಕ್ಕನ ಜಾಗ ಖಾಲಿ ಇದೆ. ಬೇರೆಯವರನ್ನ ಕೂರಿಸೋಕೆ ಮನಸ್ಸು ಒಪ್ತಿಲ್ಲ. ನೀವು ಬರ್ತೀರಾ?"

"ಕೊಡಲಿ ಹಿಡಿಯೋ ವಯಸ್ಸೇನಪ್ಪಾ ನಂದು?"

"ಕೊಡಲಿ ಬೇಡ. ಕಸುಬು ಕಲಿತು ಬನ್ನಿ. ನಿಮಗೆ ತಕ್ಕ ಸಣ್ಣ ಗುಹೆಯಿಂದ ಶುರು ಮಾಡೋಣ."

ಸೊಸೆ ಪಕ್ಕದಲ್ಲಿ ಕುಳಿತು ಕೀಲಿಗಳನ್ನು ತೋರಿಸಿಕೊಟ್ಟಳು. ಪೂಜೆಗೆ ಹೂ ಬಿಡಿಸುವ ಕೈ ನನ್ನದು, ಮೊದಲು ಗಿಡದ ಕಸುಬನ್ನೇ ಹಿಡಿದೆ. ನಕ್ಷೆಯಲ್ಲಿ ಹಳದಿ ಚುಕ್ಕೆ ಕಂಡಲ್ಲಿಗೆ ನಡೆಯುವುದು, ಬಗ್ಗುವುದು, ಕೀಳುವುದು. ಬಾಯಲ್ಲಿ ದೇವರ ನಾಮ, ಕೈಯಲ್ಲಿ ಮೌಸು. ಹಿತವಾಗಿತ್ತು. ಹೆಡ್‌ಫೋನು ಗೂಟಕ್ಕೆ ತೂಗುಬಿದ್ದಿತ್ತು. ಗುಂಪಿನವರು ಪರದೆಯ ಮೇಲೆ ಬರೆದು ಕರೆದರೆ "ಇವತ್ತು ಬೇಡ" ಎಂದು ಒತ್ತಿ, ಇನ್ನೊಂದು ಗಿಡದತ್ತ ಹೋಗುತ್ತಿದ್ದೆ.

ಡ್ರೈವರು ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ಸ್ವಲ್ಪ ಖಾರವಿತ್ತು. "ಯಜಮಾನ್ರೇ, ಕಾಡಲ್ಲಿ ಒಂದು ಕಡ್ಡಿ ಉಳಿಸಿದೀರೋ ಇಲ್ವೋ? ನಾಲ್ಕು ಜನದಿಂದ ಗುಹೆ ಆಗಲ್ಲ. ಭಾನುವಾರದವರೆಗೆ ಕಾಯ್ತೀವಿ. ಆಮೇಲೆ ಬೇರೆಯವರನ್ನ ಕರೀಲೇಬೇಕು, ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯಲಿಲ್ಲ. ಆದರೆ ಮನೆಯಲ್ಲಿ ನಾವೆಲ್ಲ ಕಂಡದ್ದು ಒಬ್ಬಳನ್ನು, ಆ ನಾಲ್ವರು ಕಂಡದ್ದು ಇನ್ನೊಬ್ಬಳನ್ನು. ಆ ಜಾಗ ಕೈಬಿಟ್ಟರೆ ಎಲ್ಲರಿಗಿಂತ ಮುಂದೆ ನುಗ್ಗುತ್ತಿದ್ದ ಆ ಹೆಂಗಸಿನ ಕಥೆ ನನಗೆ ಯಾರು ಹೇಳಬೇಕು?

ಎರಡನೆಯ ಕಸುಬು ಆರಿಸಲು ಕುಳಿತೆ. ಸೊಸೆ ಹೇಳಿದಳು, "ಗಣಿ ತಗೊಳ್ಳಿ ಮಾವ. ಅದೂ ಗಿಡದ ಹಾಗೇನೇ. ಒಬ್ರೇ ಓಡಾಡ್ಕೊಂಡು ಮಾಡಬಹುದು, ಯಾರ ಹಂಗೂ ಇಲ್ಲ."

ಕೈ ತಡೆಯಿತು. "ಯಾರ ಹಂಗೂ ಇಲ್ಲವೇ?"

"ಇಲ್ಲ. ಬಂಡೆ ಒದೆಯಲ್ಲ, ಕಚ್ಚಲ್ಲ."

"ಚರ್ಮ ಸುಲಿಯೋದಕ್ಕೆ?"

ಅವಳು ನಕ್ಕಳು. "ಅದಕ್ಕೆ ಮೊದಲು ಪ್ರಾಣಿ ಬೀಳಿಸಬೇಕಲ್ಲ! ನಿಮ್ಮ ಮುದುಕಪ್ಪನ ಕೈಲಿ ಒಂದು ಮೊಲ ಸಾಯಲ್ಲ. ಯಾರಾದ್ರೂ ಹೊಡೆದು ಹಾಕಬೇಕು, ನೀವು ಹಿಂದೆ ಹಿಂದೆ ಹೋಗಬೇಕು. ಅಲ್ಲದೆ ಮಾವ, ಪೂಜೆ ಮಾಡೋ ಕೈ..."

"ಅದನ್ನೇ ಒತ್ತಮ್ಮ" ಎಂದೆ.

ನನಗೆ ಸಂದೇಹವಿರಲಿಲ್ಲ. ಕೊಂದು ಹಾಗೆಯೇ ಬಿಟ್ಟು ಹೋಗುವುದಕ್ಕಿಂತ, ಬಿದ್ದದ್ದನ್ನು ಉಪಯೋಗಕ್ಕೆ ತರುವುದು ಮೇಲು. ದೇವರು ಈ ಲೆಕ್ಕವನ್ನು ಒಪ್ಪುತ್ತಾನೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಾಲ್ಕು ಜನರ ಹಿಂದೆ ನಡೆಯದೆ ಆ ಕಸುಬು ಒಂದು ಹೆಜ್ಜೆಯೂ ಸಾಗದು.

ಭಾನುವಾರ ಹೆಡ್‌ಫೋನು ಹಾಕಿಕೊಂಡು ಗುಹೆಯ ಬಾಗಿಲಿಗೆ ಹೋದೆ. ನನ್ನ ಮುದುಕನ ಸೊಂಟದ ಚೂರಿ ನೋಡಿ ಡ್ರೈವರು ಹೌಹಾರಿದ.

"ಚರ್ಮ ಸುಲಿಯೋದಾ? ನೀವಾ?"

"ಕೊಲ್ಲೋರು ನೀವು, ಸುಲಿಯೋನು ನಾನು. ಪಾಪ ಸಮನಾಗಿ ಹಂಚ್ಕೊಳ್ಳೋಣ."

"ಅಯ್ಯೋ, ಅಕ್ಕನೂ ಹೀಗೇ ಚುಚ್ಚೋರು!" ಎಂದು ನರ್ಸು ನಕ್ಕಳು. "ಒಂದ್ಸಲ ಏನಾಯ್ತು ಗೊತ್ತಾ, ಕರಡಿ ಅಟ್ಟಿಸ್ಕೊಂಡು ಬಂದಾಗ ನಾವೆಲ್ಲ ಓಡಿದ್ವಿ. ಅಕ್ಕ ಮಾತ್ರ ನಿಂತು, 'ಬಾರಯ್ಯಾ, ಮನೇಲಿ ನಿನಗಿಂತ ಹಟಮಾರಿ ಒಬ್ಬರಿದಾರೆ' ಅಂದ್ರು."

ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರೂ ಬಂತು.

ಮೊದಲ ತೋಳ ಬಿತ್ತು. ಬಗ್ಗಿ ಸುಲಿದೆ. ಎರಡನೆಯದಕ್ಕೆ ಕೈ ಪಳಗಿತು. ಮುಂದಿನ ಬಾಗಿಲ ಬಳಿ ಡ್ರೈವರು ಎಲ್ಲರನ್ನೂ ತಡೆದ.

"ಯಜಮಾನ್ರೇ, ಅಕ್ಕನಿಗೆ ಅಂತ ನಾವು ಏನೂ ಮಾಡ್ಲಿಲ್ಲ. ಪ್ರಾರ್ಥನೆಗೆ ಏನು ಹೇಳಬೇಕೋ ನಮಗೆ ಬರಲ್ಲ. ನೀವು ಹೇಳಿ, ಕೇಳ್ತೀವಿ."

ಪರದೆಯಲ್ಲಿ ನಾಲ್ವರೂ ಆಯುಧ ಕೆಳಗಿಳಿಸಿ ನಿಂತರು. ನಾನು ಕುರ್ಚಿಯಿಂದ ಎದ್ದು, ಕಣ್ಣು ಮುಚ್ಚಿ, ಕೈ ಜೋಡಿಸಿದೆ.

"ದೇವರೇ, ನೀನು ಕರೆದುಕೊಂಡವಳು ಮನೆಗೂ ಗೆಳೆಯರಿಗೂ ಒಂದೇ ಪ್ರೀತಿಯಿಂದ ದುಡಿದವಳು. ವರ್ಷಗಟ್ಟಲೆ ಅವಳನ್ನು ಕಾಡಿದ ಮೊಣಕಾಲಿನ ನೋವನ್ನು ಇಲ್ಲೇ ಬಿಡಿಸು. ಅವಳು ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಮನ್ನಿಸು. ಅವಳನ್ನು ನಿನ್ನ ನೆರಳಿನಲ್ಲಿ ಕೂರಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ."