ಬೀಗರ ಕೊಟ್ಟಿಗೆ

“ಮೊದ್ಲು ಕೆಂಪಿನ ತೋರ್ಸಿ ಬೀಗ್ರೇ, ಮಳೆ ಸುದ್ದಿ ಆಮೇಲಾಯ್ತು,” ಎಂದು ತಿಮ್ಮಮ್ಮ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಫೋನು ಹಿಡಿದಿದ್ದ ಸೊಸೆ ಕೀರಾ ನಕ್ಕು, ಅದನ್ನು ಇಂಗ್ಲಿಷಿನಲ್ಲಿ ತನ್ನ ಅಪ್ಪನಿಗೆ ಹೇಳಿದಳು.

ಭಾನುವಾರ ಊಟಕ್ಕೆ ಕೂರುವ ಮುಂಚೆ ಐರ್ಲೆಂಡಿನ ಕೊಟ್ಟಿಗೆ ನೋಡುವುದು ವಿದ್ಯಾರಣ್ಯಪುರಂನ ಆ ಮನೆಯಲ್ಲಿ ಪದ್ಧತಿಯೇ ಆಗಿಹೋಗಿತ್ತು. ಇಲ್ಲಿ ಮಧ್ಯಾಹ್ನವಾದರೆ ಅಲ್ಲಿ ಬೆಳಗಿನ ಹಾಲು ಕರೆಯುವ ಹೊತ್ತು. ಮೈಸೂರಿಗೆ ಯೋಗ ಕಲಿಯಲು ಬಂದ ಕೀರಾ, ಇಲ್ಲಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಪ್ರೇಮ್‌ಕುಮಾರನನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟಿದ್ದಳು. ಅವಳ ಅಪ್ಪ ಮಾರ್ಟಿನ್ ವಾರವಾರ ಕೊಟ್ಟಿಗೆಯಿಂದಲೇ ಸುದ್ದಿ ಒಪ್ಪಿಸುತ್ತಿದ್ದರು. ಮಳೆ ಎಷ್ಟು ಬಂತು, ಹುಲ್ಲು ಹೇಗಿದೆ, ಯಾವ ಹಸು ಕರು ಹಾಕಿತು, ಊರಲ್ಲಿ ಯಾರು ತೀರಿಕೊಂಡರು. ತಮ್ಮ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಹಳ್ಳಿಯಲ್ಲಿ ದನ ಸಾಕಿ ಬಂದ ತಿಮ್ಮಮ್ಮನಿಗೆ ಈ ಬೀಗರ ಮೇಲೆ ಕುತೂಹಲವೋ ಕುತೂಹಲ. ಅಲ್ಲಿ ಸಗಣಿ ಏನು ಮಾಡುತ್ತಾರೆ, ಗಿಣ್ಣು ತಿನ್ನುತ್ತಾರಾ ಇಲ್ಲವಾ, ಎಲ್ಲ ಅವಳಿಗೆ ಬೇಕು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕೆಂಪು ಹಸುವಿಗೆ ಕೆಂಪಿ ಎಂದು ಹೆಸರಿಟ್ಟವಳೂ ಅವಳೇ. ಫೋನಿನಲ್ಲಿ “ಬಾ ಬಾ” ಎಂದರೆ ಅದು ಕಿವಿ ಅಲ್ಲಾಡಿಸುತ್ತಿತ್ತು. ಅಲ್ಲಿ ನೊಣ ಇರಬಹುದು ಎಂದು ಮಗ ಹೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಿದ್ದಳು.

ಕೀರಾಳಿಗಿದ್ದ ಕೊರಗು ಒಂದೇ. ಆ ಹಸುಗಳನ್ನು ಬಿಟ್ಟು ಅಪ್ಪ ಎಲ್ಲಿಗೂ ಬರುವ ಹಾಗಿರಲಿಲ್ಲ. ಮಗಳ ಮದುವೆಯನ್ನೂ ಕೊಟ್ಟಿಗೆಯಲ್ಲೇ ನಿಂತು ಫೋನಿನಲ್ಲಿ ನೋಡಿದ್ದರು. ಅವಳಿಗೆ ತಾಯಿಯಿಲ್ಲ, ಈಗ ತುಂಬು ಬಸುರಿ. ಹೆರಿಗೆಗಾದರೂ ಬಾ ಎಂದು ಕರೆದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: “ಹಾಲು ಕರೆಯೋರು ಯಾರು?” ಅವಳು ನಗುತ್ತ ಫೋನಿಟ್ಟು, ಬಚ್ಚಲಿಗೆ ಹೋಗಿ ಅಳುತ್ತಿದ್ದುದು ತಿಮ್ಮಮ್ಮನಿಗೆ ಗೊತ್ತಿತ್ತು.

ಮಾರ್ಟಿನ್ ಇವತ್ತು ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಮಳೆ ಜೋರು, ಒಳಗೆ ಕತ್ತಲೆ, ಹಸು ಕಾಣಿಸುವುದಿಲ್ಲ ಎಂದರು.

“ಅಮ್ಮ, ಬುಡು, ಊಟಕ್ಕೆ ಹಾಕು,” ಎಂದ ಪ್ರೇಮ್‌ಕುಮಾರ್, ಯಾರ ಮುಖವನ್ನೂ ನೋಡದೆ.

“ನೀನು ಸುಮ್ಕಿರೋ. ಕತ್ಲಾದ್ರೆ ಕಾಣದೆ ಇರ್ಬೋದು, ಕೇಳೋಕೇನಂತೆ? ಒಂದಾದ್ರೂ ಅಂಬಾ ಅನ್ನಲ್ವಲ್ಲ. ಹಾಲು ಕರಿಯೋ ಮಿಷನ್ನೂ ಸದ್ದಿಲ್ಲ. ಬೀಗ್ರ ಬೂಟ್ ನೋಡು, ಕೆಸ್ರೇ ಇಲ್ಲ. ಕೇಳಮ್ಮ ಕೀರಾ, ದನ ಎಲ್ಲಿ ಅಂತ ಕೇಳು.”

ಕೀರಾ ಕೇಳಲಿಲ್ಲ, ಗಂಡನ ಕಡೆ ತಿರುಗಿದಳು. ಅವನ ಮುಖ ಬಿಳುಚಿಕೊಂಡಿತ್ತು.

“ನಿಂಗೊತ್ತು ಅಲ್ವಾ?” ಎಂದಳು, ಅತ್ತೆಯಿಂದ ಕಲಿತ ಕನ್ನಡದಲ್ಲಿ.

ಐರ್ಲೆಂಡಿನಲ್ಲೇ ಬೇರೆ ಊರಲ್ಲಿದ್ದ ಕೀರಾಳ ಅಣ್ಣ ಆ ವಾರ ಪ್ರೇಮ್‌ಕುಮಾರನಿಗೊಬ್ಬನಿಗೇ ಫೋನ್ ಮಾಡಿದ್ದ. ಅಪ್ಪನ ಮಂಡಿ ಪೂರ್ತಿ ಸವೆದಿದೆ, ಹಸುಗಳನ್ನೆಲ್ಲ ಮಾರಿಬಿಟ್ಟರು, ಹೆರಿಗೆಯಾಗುವ ತನಕ ಅವಳಿಗೆ ಹೇಳಬೇಡ ಎಂದಿದ್ದ. ಬಸುರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದೆಂಬುದು ಇಲ್ಲಿಯದೂ ರೂಢಿಯಾದ್ದರಿಂದ ಇವನೂ ಒಪ್ಪಿಕೊಂಡಿದ್ದ. ಅಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅವಳಿಗೂ ಹೇಳಿರಲಿಲ್ಲ. ಈಗ ಎಲ್ಲವನ್ನೂ ಹೇಳಿದ.

ಕೀರಾ ಫೋನಿನಲ್ಲಿ ಜೋರು ಮಾಡಿದಳು. ಮಾರ್ಟಿನ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಬಾಗಿಲು ತೆರೆದು ಫೋನನ್ನು ಒಳಗೆ ತಿರುಗಿಸಿದರು. ಉದ್ದದ ಕೊಟ್ಟಿಗೆ, ತೊಳೆದ ನೆಲ. ಒಂದು ಹಸುವೂ ಇಲ್ಲ. ಹಳ್ಳಿ ಬಿಡುವಾಗ ತಿಮ್ಮಮ್ಮನೂ ಇಂಥದೇ ಕೊಟ್ಟಿಗೆಗೆ ಬಾಗಿಲು ಎಳೆದು ಬಂದವಳು. ಮಾರ್ಟಿನ್ ಸಣ್ಣ ದನಿಯಲ್ಲಿ ಏನೋ ಅಂದರು.

“ಏನಂತೆ?”

“ಬೆಳಿಗ್ಗೆ ಎಚ್ರ ಆಗುತ್ತಂತೆ ಅತ್ತೆ. ಬೂಟ್ ಹಾಕ್ಕೊಂಡು ಇಲ್ಲಿಗೆ ಬರ್ತಾರಂತೆ. ಬಂದು ಸುಮ್ನೆ ನಿಂತ್ಕೋತಾರಂತೆ.” ಕೀರಾಳ ಕಣ್ಣಲ್ಲಿ ನೀರಾಡಿತು.

ತಿಮ್ಮಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು.

“ಬೀಗ್ರೇ, ಕೆಂಪಿ ಒಳ್ಳೆ ಕೈ ಸೇರೈತೆ ತಾನೇ? ಅಷ್ಟು ಸಾಕು. ಈಗ ಹಾಲು ಕರಿಯೋರು ಯಾರು ಅಂತ ನೆಪ ಹೇಳೋಕಾಗಲ್ಲ. ಬೆಳಿಗ್ಗೆದ್ದು ಮಾಡೋಕೆ ಇಲ್ಲಿ ಬೇಕಾದಷ್ಟು ಕೆಲ್ಸ ಐತೆ. ಮಗೀಗೆ ನೀರುಯ್ಯೋಕೆ ಒಲೆ ಉರಿ ಹಾಕೋರು ಬೇಕು, ಎಳೆ ಬಿಸ್ಲಿಗೆ ಎತ್ಕೊಂಡು ಕೂರೋರು ಬೇಕು. ಮಂಡಿ ನೋವ್ಗೆ ಎಣ್ಣೆ ನಾನು ಕಾಯಿಸ್ಕೊಡ್ತೀನಿ. ಹೇಳಮ್ಮ ಕೀರಾ, ಇದ್ದಿದ್ದು ಇದ್ದಂಗೆ ಹೇಳು.”

ಕೀರಾ ಹೇಳಿದಳು. ಮಾರ್ಟಿನ್ ಖಾಲಿ ಕೊಟ್ಟಿಗೆಯತ್ತ ಒಮ್ಮೆ ತಿರುಗಿ ನೋಡಿ, ಬಾಗಿಲು ಎಳೆದುಕೊಂಡರು. ತಗಡಿನ ಮೇಲೆ ಮಳೆ ಬೀಳುವುದಷ್ಟೇ ಕೇಳಿಸುತ್ತಿತ್ತು. ಆಮೇಲೆ ಏನೋ ಕೇಳಿದರು. ಕೀರಾ ಅಳುತ್ತಿದ್ದವಳು ನಕ್ಕುಬಿಟ್ಟಳು.

“ಅಲ್ಲಿಗೆ ಕಾಲಿಗೆ ಏನು ಹಾಕ್ಕೊಂಡು ಬರ್ಲಿ ಅಂತ ಕೇಳ್ತಾ ಅವ್ರೆ ಅತ್ತೆ.”

ತಿಮ್ಮಮ್ಮ ಫೋನು ಹಿಡಿದು ಹೊರಬಾಗಿಲಿಗೆ ನಡೆದಳು. ಹೊಸಿಲಿನಾಚೆ ಮನೆಯವರ ಚಪ್ಪಲಿಗಳು ಸಾಲಾಗಿದ್ದವು. ಅವನ್ನು ಬೀಗರಿಗೆ ತೋರಿಸುತ್ತ, ತನ್ನ ಚಪ್ಪಲಿಯನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.