ಭಾವನಿಗೆ ಓದಿ ಹೇಳಿದ ಸಾಲುಗಳು

ಅವರನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯೆದುರಿನ ರಸ್ತೆಯ ನಟ್ಟನಡುವೆ, ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಎತ್ತಲು ಮರೆತವರಂತೆ ನಿಂತಿದ್ದ ಭಂಗಿಯಲ್ಲಿ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ, ಬೈದು, ಸುತ್ತು ಹಾಕಿಕೊಂಡು ಹೋದ, ಅವರು ಕದಲಲಿಲ್ಲ. ತಲೆಯೊಳಗಿನ ಒಂದು ವಿಚಾರ ಮುಗಿಯುವ ತನಕ ಮುಂದಿನ ಹೆಜ್ಜೆ ಇಡಲಾಗದ ನಡಿಗೆ ಅವರದೆಂಬುದು ನನಗೆ ಆಮೇಲೆ ತಿಳಿಯಿತು. ಕಂದು ಬಣ್ಣದ ಉಣ್ಣೆಯ ಕೋಟು, ಅದರ ಮೂರನೆಯ ಗುಂಡಿ ಮಾತ್ರ ಕಪ್ಪು, ಎಡಗಡೆಯ ಜೇಬು ಟಿಪ್ಪಣಿ ಪುಸ್ತಕದ ಭಾರಕ್ಕೆ ಜೋತುಬಿದ್ದಿತ್ತು. ಕೊನೆಗೊಮ್ಮೆ ಬಂದು ಬಾಗಿಲು ತಟ್ಟಿ, "ಪತ್ರ ಬರೆದ ಮೇಷ್ಟ್ರು ನೀವೇನಾ?" ಎಂದರು.

ಬರೆದವನು ನಾನೇ. ನಿವೃತ್ತನಾದ ಮೇಲೆ ಮೇಲ್ತರಗತಿಯ ಮಕ್ಕಳಿಗಾಗಿ ಲೆಕ್ಕಗಳ ಒಂದು ಪುಸ್ತಕವನ್ನು ಸಿದ್ಧಪಡಿಸುತ್ತಿದ್ದೆ. ಉತ್ತರಗಳನ್ನು ತಾಳೆ ನೋಡಲು ಕಂಪ್ಯೂಟರಿನಲ್ಲಿ ಬೀಜಗಣಿತದ ತಂತ್ರಾಂಶವೊಂದನ್ನು ಬಳಸುತ್ತಿದ್ದೆ. ಅದು ಬರಿಯ ಅಂಕಿಗಳನ್ನು ಕೂಡಿ ಕಳೆಯುವಂಥದ್ದಲ್ಲ. ಅಕ್ಷರಗಳನ್ನು ಹಿಡಿದು, ನಾವು ಕರಿಹಲಗೆಯ ಮೇಲೆ ಮಾಡುವಂತೆಯೇ, ಸಮೀಕರಣಗಳನ್ನು ಬಿಡಿಸುವಂಥದ್ದು. ಯಾರು ಬೇಕಾದರೂ ಬಳಸಬಹುದು, ಅದರ ಒಳಗೇನಿದೆಯೆಂದು ತೆರೆದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ನಾನು ಕೊಟ್ಟ ಲೆಕ್ಕ ಸುಲಭದ್ದು: ಎಲ್ಲಿಯೂ ನೆಲವನ್ನು ಮುಟ್ಟದೆ ಅಲೆಯಂತೆ ಮೇಲೆಯೇ ಏರಿಳಿಯುವ ಒಂದು ರೇಖೆ, ಅದರ ಕೆಳಗಿನ ವಿಸ್ತೀರ್ಣ ಎಷ್ಟು? ತಂತ್ರಾಂಶವು ಕ್ಷಣಮಾತ್ರದಲ್ಲಿ ಸೊನ್ನೆ ಎಂದಿತು. ಆಳೆತ್ತರದ ಗೋಡೆಯನ್ನು ಎದುರಿಗೆ ನಿಲ್ಲಿಸಿ, ಇದಕ್ಕೆ ಬಳಿಯಲು ಸುಣ್ಣವೇ ಬೇಡ ಎಂದ ಹಾಗೆ! ಮೇಷ್ಟ್ರ ಕೋಪ ನೆತ್ತಿಗೇರಿ, ತಂತ್ರಾಂಶದವರಿಗೆ ಒಂದು ಪುಟ ಬೈದು ಬರೆದು, ಹಳೆಯ ಅಭ್ಯಾಸದಂತೆ ಕೆಳಗೆ ಮನೆಯ ವಿಳಾಸವನ್ನೂ ಸೇರಿಸಿದ್ದೆ.

"ತಪ್ಪು ನಮ್ದೇ ಮೇಷ್ಟ್ರೇ," ಎಂದರು ಅವರು, ಕೋಟನ್ನೂ ಕಳಚದೆ ಕುರ್ಚಿಯ ತುದಿಯಲ್ಲಿ ಕುಳಿತು. "ವಿಳಾಸ ನೋಡಿದ್ರೆ ನಮ್ಮ ಆಫೀಸಿಂದ ನಾಲ್ಕೇ ಬೀದಿ. ಎದುರಿಗೇ ಬಂದು ಒಪ್ಕೊಳ್ಳೋಣ ಅಂತ ಬಂದೆ."

"ಅದನ್ನ ಬರೆದವರು ನೀವಾ?"

"ಶುರು ಮಾಡಿದ್ದು ನಮ್ಮ ಭಾವ, ಅಕ್ಕನ ಗಂಡ. ಈಗ ನೋಡ್ಕೊಳ್ತಿರೋದು ನಾನು, ಇನ್ನೂ ಒಂದಿಷ್ಟು ಜನ."

ಹಗಲು ಹೊತ್ತು ಅವರಿಗೆ ಸೇತುವೆಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ. ಅಲ್ಲಿಯವರು ಅವರಿಗಿಟ್ಟ ಹೆಸರು ತಡೀರಪ್ಪ. ಯಾರು ಏನು ಕೇಳಿದರೂ ಮೊದಲು ಹೊರಡುವ ಮಾತು "ತಡೀರಿ, ನೋಡೋಣ" ಎಂಬುದೇ. "ಸರಿಯಾಗಿದೆ" ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ. ಬಹಳ ಸಂತೋಷವಾದಾಗ "ಇಲ್ಲೀವರೆಗೆ ತಪ್ಪು ಕಂಡಿಲ್ಲ" ಎನ್ನುತ್ತಿದ್ದರು. ಒಮ್ಮೆ ಕ್ಷೌರದಂಗಡಿಯಲ್ಲಿ ಕನ್ನಡಿ ಹಿಡಿದು ಹೇಗಿದೆಯೆಂದು ಕೇಳಿದವನಿಗೂ ಅದೇ ಉತ್ತರ ಸಿಕ್ಕಿತು. "ಇವರ ಬಾಯಲ್ಲಿ ಚೆನ್ನಾಗಿದೆ ಅನ್ನಿಸ್ಕೊಳ್ಳೋಕೆ ನನ್ನ ಕತ್ತರಿ ಇನ್ನೊಂದು ಜನ್ಮ ಎತ್ತಿ ಬರ್ಬೇಕು ಸಾರ್," ಎಂದು ಅವನು ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟ.

ನನ್ನ ಲೆಕ್ಕವೊಂದನ್ನು ಸರಿಪಡಿಸಿ ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು. ಆದರೆ ಅವರು ಅದರಂತೆಯೇ ತಪ್ಪು ಉತ್ತರ ಬರುವ ಬೇರೆ ಲೆಕ್ಕಗಳನ್ನು ಹುಡುಕುತ್ತ ಹೊರಟರು. ಒಂದು ತಿಂಗಳಿಗೆ ಅಂಥವು ಇನ್ನೂರಕ್ಕೂ ಹೆಚ್ಚು ಸಿಕ್ಕವು. ಎಲ್ಲದರ ಬೇರೂ ಒಂದೇ ಕಡೆ, ಭಾವ ಮೂವತ್ತು ವರ್ಷಗಳ ಹಿಂದೆ ಬರೆದ, ವೇಗಕ್ಕೆ ಹೆಸರಾದ ವಿಧಾನದಲ್ಲಿ. ಲೆಕ್ಕದ ದಾರಿಯಲ್ಲಿ ನಡುವೆ ಸೂತ್ರ ಕಡಿದುಹೋಗುವ ಹಳ್ಳವಿದ್ದರೆ ಆ ವಿಧಾನ ಅದನ್ನು ನೋಡುತ್ತಲೇ ಇರಲಿಲ್ಲ. ಆ ದಡದ ಬೆಲೆಯಲ್ಲಿ ಈ ದಡದ ಬೆಲೆಯನ್ನು ಕಳೆದು ಉತ್ತರವೆಂದು ಒಪ್ಪಿಸಿಬಿಡುತ್ತಿತ್ತು. ತೇಪೆ ಹಾಕಿ ಉಪಯೋಗವಿರಲಿಲ್ಲ. ಭಾವನ ಎರಡು ಸಾವಿರ ಸಾಲುಗಳನ್ನು ಪೂರ್ತಿ ತೆಗೆದು, ಮೊದಲು ಹಳ್ಳವನ್ನು ಹುಡುಕಿ ಆಮೇಲೆ ಹೆಜ್ಜೆಯಿಡುವ ಹೊಸ ಸಾಲುಗಳನ್ನು ಬರೆಯಬೇಕಿತ್ತು. ಬರೆದರು.

ಆದರೆ ಆ ತಂತ್ರಾಂಶದವರದೊಂದು ನಿಯಮ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಒಳಗೆ ಸೇರಿಸುವಂತಿಲ್ಲ. ಯಾವ ಭಾಗವನ್ನು ಬದಲಿಸುತ್ತೇವೋ ಅದನ್ನು ಬರೆದವರು ಇದ್ದರೆ, ಓದಬೇಕಾದವರು ಅವರೇ. ನಿಯಮ ಮಾಡಿದವರೂ ಭಾವನೇ. ಹನ್ನೆರಡನೆಯ ವಯಸ್ಸಿನಲ್ಲಿ ಅಕ್ಕನ ಮನೆಗೆ ಬಂದು ಸೇರಿದ ಇವರಿಗೆ ಊಟದ ಮೇಜಿನ ಮೇಲೆ ಬೀಜಗಣಿತ ಕಲಿಸಿದವರೂ ಅವರೇ. ಆಗ ಭಾವನಿಗೆ ಎಪ್ಪತ್ತೆಂಟು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

"ಅವರಿಗೆ ಹೇಳದೇನೇ ಸೇರಿಸಿದ್ರೆ?" ಎಂದು ನಾನೇ ಒಮ್ಮೆ ಕೇಳಿದೆ. "ನಿಮ್ಮ ಕೈಲಿ ಆಗುತ್ತಲ್ಲ."

"ಕೈಲಿ ಆಗುತ್ತೆ ಮೇಷ್ಟ್ರೇ," ಎಂದರು. ಟಿಪ್ಪಣಿ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಎದ್ದರು.

ತಪ್ಪು ಹಿಡಿದವನೆಂಬ ಕಾರಣಕ್ಕೆ ನನ್ನನ್ನೂ ಭಾವನ ಮನೆಗೆ ಕರೆದುಕೊಂಡು ಹೋದರು. ಅಕ್ಕ ಬಾಗಿಲಲ್ಲೇ ತಡೆದು, ತಗ್ಗಿದ ದನಿಯಲ್ಲಿ, "ಕಣ್ಣು ಹೋಯ್ತು, ಕೆಲಸ ಹೋಯ್ತು. ನಿನ್ನ ಭಾವನಿಗೆ ಉಳಿದಿರೋದು ಅದೊಂದೇ ಕಣೋ. ಅದನ್ನೂ ಅಳಿಸ್ತೀಯಾ?" ಎಂದರು. ಇವರು ತಲೆ ತಗ್ಗಿಸಿ ಚಪ್ಪಲಿ ಬಿಟ್ಟು ಒಳಗೆ ಹೋದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಭಾವ, ಇವರು ತಪ್ಪಿನ ಬಗ್ಗೆ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡರು. "ಮೂವತ್ತು ವರ್ಷ ಯಾರೂ ಹೇಳ್ಲಿಲ್ಲ," ಎಂದರು.

"ಯಾರೂ ನೋಡ್ಲಿಲ್ಲ ಭಾವ. ನಾನೂ ನೋಡ್ಲಿಲ್ಲ."

ಭಾವ ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ, "ಓದು," ಎಂದರು. "ನೀನು ಬರೆದದ್ದನ್ನ ಓದು. ಕಣ್ಣಿಲ್ಲದಿದ್ರೆ ಕಿವಿ ಇದೆಯಲ್ಲ. ಒಂದು ಬ್ರಾಕೆಟ್ಟೂ ಬಿಡ್ಬೇಡ."

ಭಾನುವಾರದ ಬೆಳಗುಗಳಲ್ಲಿ, ಐದು ತಿಂಗಳ ಕಾಲ ಆ ಓದು ನಡೆಯಿತು. ಕಂಪ್ಯೂಟರಿಗಾಗಿ ಬರೆದ ಸಾಲುಗಳನ್ನು ಮನುಷ್ಯನ ದನಿಯಲ್ಲಿ ಕೇಳುವುದು ವಿಚಿತ್ರವಾದ ಅನುಭವ. ಬ್ರಾಕೆಟ್ ತೆರೆಯಿತು, ಬ್ರಾಕೆಟ್ ಮುಚ್ಚಿತು ಎಂದು ಅವರು ಹೇಳುತ್ತ ಹೋಗುವರು, ಭಾವ ಬೆರಳುಗಳನ್ನು ಮಡಿಸುತ್ತ, ಬಿಡಿಸುತ್ತ ಲೆಕ್ಕವಿಡುವರು. "ನನ್ನ ಜೊತೆ ಇಷ್ಟು ಹೊತ್ತು ಒಂದು ದಿನಾನೂ ಕೂತು ಮಾತಾಡಿದವರಲ್ಲ ಇವರು," ಎಂದು ಅಕ್ಕ ಗೊಣಗಿದರೆ, "ಸುಮ್ನಿರೇ, ಬ್ರಾಕೆಟ್ ತಪ್ಪಿಹೋಗುತ್ತೆ," ಎಂಬ ಗದರಿಕೆ ಬರುತ್ತಿತ್ತು. ಒಂದು ಭಾನುವಾರ ಓದುತ್ತಿದ್ದ ಹಾಗೆಯೇ ಭಾವ ಕೈ ಎತ್ತಿದರು. "ಅಲ್ಲ ಕಣೋ, ಹಳ್ಳ ನಡುವೆ ಇದ್ರೆ ಸರಿ. ದಡದಲ್ಲೇ ಇದ್ರೆ?" ಇವರು ಟಿಪ್ಪಣಿ ಪುಸ್ತಕವನ್ನು ಮುಚ್ಚಿದರು. ದಡದಲ್ಲಿ, ಎಂದರೆ ದಾರಿಯ ತುದಿಯಲ್ಲೇ, ಇರುವ ಹಳ್ಳವನ್ನು ಇವರೂ ಕಂಡಿರಲಿಲ್ಲ. ನೂರೈವತ್ತು ಸಾಲುಗಳನ್ನು ಮತ್ತೆ ಬರೆಯಬೇಕಾಯಿತು. ಆ ದಿನ ಭಾವನ ಮುಖದಲ್ಲಿ ಕಂಡದ್ದು ಗೆಲುವಲ್ಲ; ಬಹಳ ದಿನಗಳ ಮೇಲೆ ಕೆಲಸಕ್ಕೆ ಹೋಗಿ ಬಂದವರ ದಣಿವು.

ಕೊನೆಯ ಸಾಲು ಮುಗಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. "ಸೇರಿಸು," ಎಂದರು ಭಾವ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಆ ಭಾಗದಲ್ಲಿ ನನ್ನವು ಎಷ್ಟು ಸಾಲು ಉಳೀತು?"

ಐದಾರು ಎಂದಿದ್ದರೆ ಆಗುತ್ತಿತ್ತು. ಕಣ್ಣಿಲ್ಲದ ಹಿರಿಯರು ತೆರೆದು ನೋಡುವಂತಿರಲಿಲ್ಲ; ಅಕ್ಕ ಬಾಗಿಲ ಬಳಿ ನಿಂತು ಕಣ್ಣಲ್ಲೇ ಬೇಡುತ್ತಿದ್ದರು; ನಾನೂ ಮನಸ್ಸಿನೊಳಗೆ, ಹೇಳಿಬಿಡಪ್ಪ ಒಂದು ಸುಳ್ಳು, ಎಂದುಕೊಂಡೆ.

"ಒಂದೂ ಇಲ್ಲ ಭಾವ."

ಅಕ್ಕ ಒಳಗೆ ಹೋಗಿಬಿಟ್ಟರು. ಭಾವ ಕುರ್ಚಿಯ ತೋಳನ್ನು ಸವರುತ್ತ ಕುಳಿತಿದ್ದು, "ಒಂದೂ ಬಿಡದೆ ತೆಗೆದಿದ್ದೀಯ ಅಂದ್ರೆ, ನಾನು ಕಲಿಸಿದ್ದನ್ನ ಮರೆತಿಲ್ಲ," ಎಂದರು. "ಮೇಷ್ಟ್ರ ಲೆಕ್ಕವನ್ನ ಪರೀಕ್ಷೆಯ ಪಟ್ಟಿಗೆ ಹಾಕು. ದಿನಾ ಕೇಳ್ಲಿ ಅದನ್ನ."

ಹಿಂದೆ ಎಡವಿದ ಲೆಕ್ಕಗಳನ್ನೆಲ್ಲ ಪಟ್ಟಿಮಾಡಿಟ್ಟು, ಒಂದಕ್ಷರ ಬದಲಾದರೂ ತಂತ್ರಾಂಶದಿಂದ ಅವನ್ನು ಮತ್ತೆ ಮಾಡಿಸುವುದು ಈ ಕೆಲಸದವರ ಪದ್ಧತಿಯಂತೆ. ಅಕ್ಕ ಮೂರು ವಾರ ತಮ್ಮನೊಡನೆ ಮಾತು ಬಿಟ್ಟಿದ್ದರು. ಇವರು ಭಾನುವಾರ ತಪ್ಪಿಸಲಿಲ್ಲ, ಓದಲು ಏನೂ ಇಲ್ಲದಿದ್ದರೂ ಹೋಗಿ ಕುಳಿತು ಬಂದರು. ಮರುವರ್ಷ ಭಾವ ತೀರಿಕೊಂಡರು.

ಹೊಸ ವಿಧಾನವು ನಿಧಾನ. ಹಳ್ಳ ಇದೆಯೋ ಇಲ್ಲವೋ ಎಂದು ತಿಳಿಯದ ಕಡೆ ಅದು ಉತ್ತರವನ್ನೇ ಕೊಡುವುದಿಲ್ಲ. ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗುತ್ತದೆ. ಮೊದಲೆಲ್ಲ ಚುರುಕಾಗಿತ್ತು, ನೀವು ಕೆಡಿಸಿದಿರಿ, ನಾವು ಬೇರೆಯದಕ್ಕೆ ಹೋಗುತ್ತೇವೆ ಎಂದು ಜನ ಬರೆಯುತ್ತಾರೆ. ಹೋದವರೂ ಬಹಳ. ಈಗ ನಮ್ಮ ತಡೀರಪ್ಪನವರು ಕಚೇರಿ ಮುಗಿಸಿ ಬಂದು ಮಾಡುತ್ತಿರುವುದು ಎರಡೇ ಕೆಲಸ: ಆ ಬೈಗುಳಗಳಿಗೆಲ್ಲ ಒಂದೊಂದಾಗಿ ವಿನಯದಿಂದ ಉತ್ತರ ಬರೆಯುವುದು, ಮತ್ತು ಗೊತ್ತಿಲ್ಲವೆಂದ ಲೆಕ್ಕಗಳಲ್ಲಿ ಒಂದನ್ನು ಹಿಡಿದು ವಾರಗಟ್ಟಲೆ ಕೂರುವುದು. ಈ ವರ್ಷ ಹನ್ನೊಂದು ಬಗೆಹರಿದಿವೆ. ನಾನು ನಲವತ್ತು ವರ್ಷ ಪಾಠ ಹೇಳಿದವನು. ತರಗತಿಯೆದುರು ನಿಂತು ನನಗಿದು ಗೊತ್ತಿಲ್ಲ ಎಂದದ್ದು ಎರಡೋ ಮೂರೋ ಸಲ.

ಇಂಥವರು ಎಲ್ಲ ಕಾಲದಲ್ಲಿಯೂ ಕೆಲವರು ಇರುತ್ತಾರೆಂದು ಕಾಣುತ್ತದೆ. ಎಲ್ಲಿಯೋ ಒಬ್ಬಳು ಹುಡುಗಿ ತಂತ್ರಾಂಶ ಕೊಟ್ಟ ಉತ್ತರವನ್ನು ನಂಬಿ, ತನ್ನ ಹಾಳೆಯಲ್ಲಿ ಮುಂದಿನ ಸಾಲನ್ನು ಬರೆಯುತ್ತಾಳೆ. ಹಾಗೆ ನಂಬಿ ಬರೆಯಲೆಂದು, ತಮ್ಮನ್ನು ಸಾಕಿದ ಮನೆಯಲ್ಲಿಯೇ ಒಂದು ಚಿಕ್ಕ ಸುಳ್ಳನ್ನು ಹೇಳಲಾರದೆ ಹೋದವರು ಒಬ್ಬರಿದ್ದಾರೆಂಬುದು ಅವಳಿಗೆ ತಿಳಿಯುವುದಿಲ್ಲ. ತಿಳಿಯಲೆಂಬ ಆಸೆಯೂ ಇಂಥವರಿಗೆ ಇರುವುದಿಲ್ಲ.