ಮೂರನೇ ತೊಟ್ಟಿಯ ಕಾಬಾಳೆ

ಮೂರು ಗಾಜಿನ ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಸೊಸೆ ಕಣ್ಣು ಕಿರಿದು ಮಾಡಿದಳು.

ಮಾವನ ಸಸಿ ನರ್ಸರಿಯ ಕುಂಡಗಳಿಂದ ಸೋರಿದ ಗೊಬ್ಬರದ ನೀರು ಇಷ್ಟು ವರ್ಷ ನೇರವಾಗಿ ರಸ್ತೆಬದಿಯ ಕಾಲುವೆಗೆ, ಅಲ್ಲಿಂದ ನಗರದ ಕೆರೆಗೆ ಹೋಗುತ್ತಿತ್ತು. ಕೆರೆ ಪಾಚಿಗಟ್ಟಿ ಮೀನು ಸತ್ತ ಮೇಲೆ ನೀರಿನ ಇಲಾಖೆಯವರು ಕಡ್ಡಿ ಮುರಿದಂತೆ ಹೇಳಿದ್ದರು: ತಿಂಗಳೊಳಗೆ ಸರಿಯಾಗದಿದ್ದರೆ ನರ್ಸರಿಗೆ ಬೀಗ. ಇನ್ನು ಎಂಟೇ ದಿನ ಉಳಿದಿತ್ತು.

ಅದಕ್ಕೇ ಅವಳು ಜಲ್ಲಿ ತುಂಬಿದ ಮೂರು ತೊಟ್ಟಿ ಕಟ್ಟಿಸಿ, ಕಾಬಾಳೆ ಹೂಗಿಡ ನೆಟ್ಟು, ಆ ನೀರನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿದ್ದಳು. ಗೊಬ್ಬರವನ್ನು ಗಿಡ ಉಣ್ಣಬೇಕು, ಬರೀ ನೀರು ಕಾಲುವೆಗೆ ಹೋಗಬೇಕು. ಪರೀಕ್ಷೆಯ ಪುಡಿ ಹಾಕಿದರೆ, ಗೊಬ್ಬರ ಹೆಚ್ಚಿದ್ದಷ್ಟೂ ನೀರು ಗುಲಾಬಿಯಾಗುತ್ತದೆ. ಮೊದಲ ತೊಟ್ಟಿಯದು ಕಡುಗುಲಾಬಿ, ಎರಡನೆಯದು ತಿಳಿ. ಮೂರನೆಯದು? ಮೊದಲನೆಯದಕ್ಕಿಂತಲೂ ಒಂದು ಕೈ ಮೇಲು.

ನಳಿಕೆ ತೊಳೆದು ಮತ್ತೆ ನೋಡಿದಳು. ಅದೇ ಬಣ್ಣ. ಎರಡು ಸಲವೂ ಅದೇ ಉತ್ತರ ಬಂದರೆ ತಪ್ಪು ನಳಿಕೆಯದ್ದಲ್ಲ, ತೊಟ್ಟಿಯದ್ದು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಮೂರನೇ ತೊಟ್ಟಿಯ ಮೇಲೆ ಮಾವ ಬಗ್ಗಿದ್ದರು, ಕೈಯಲ್ಲಿ ಮಗ್ಗು.

"ಮಾವಾ, ಏನ್ ಮಾಡ್ತಿದೀರಿ?"

"ನೀನು ಮಾಡದೇ ಇರೋದನ್ನ. ಮೊದಲೆರಡು ತೊಟ್ಟಿಯವು ಹೊಟ್ಟೆ ಬಿರಿಯೋ ಹಾಗೆ ಉಂಡು ಕೂತಿವೆ. ಇವು ಪಾಪ, ಬಿಳಿಚ್ಕೊಂಡು ಸಾಯ್ತಿದ್ವು. ದಿನಾ ಬೆಳಗ್ಗೆ ಎರಡು ಮಗ್ಗು ಗೊಬ್ಬರದ ನೀರು ಕೊಟ್ಟೆ. ಈಗ ನೋಡು, ಹೇಗೆ ನಳನಳಿಸ್ತಿವೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. "ಅವು ಬಿಳಿಚ್ಕೊಂಡ್ರೇನೇ ನೀರು ಚೊಕ್ಕ ಆಗಿದೆ ಅಂತ, ಮಾವ. ಉಪವಾಸ ಇರೋದೇ ಅವುಗಳ ಕೆಲಸ."

"ನಲವತ್ತು ವರ್ಷದಲ್ಲಿ ಒಂದು ಗಿಡಾನೂ ಹಸಿವಲ್ಲಿ ಇಟ್ಟವನಲ್ಲ ನಾನು."

"ಬೀಗ ಬಿದ್ರೆ ಎಲ್ಲಾ ಗಿಡಕ್ಕೂ ಉಪವಾಸಾನೇ."

ಮಾವ ಮಗ್ಗನ್ನೊಮ್ಮೆ ನೋಡಿ ಅವಳ ಕೈಗಿತ್ತರು. "ನೀನೇ ಇಟ್ಕೋ. ಈ ಕೈ ನನ್ನ ಮಾತು ಕೇಳಲ್ಲ."

ಆ ದಿನವೇ ಅವಳು ಮೂರನೇ ತೊಟ್ಟಿಯ ಜಲ್ಲಿಯನ್ನೆಲ್ಲ ತೊಳೆದಳು. ಆಮೇಲೆ ಬೆಳಗಾದರೆ ಸಾಕು, ನಳಿಕೆ ಹಿಡಿದು ಕಿಟಕಿಗೆ ಓಟ. ಗುಲಾಬಿ ದಿನದಿನಕ್ಕೆ ತೆಳುವಾಗುತ್ತಿತ್ತು. ಮಾವ ಮಾತ್ರ ಮುನಿಸಿಕೊಂಡ ನೆಂಟರ ಮನೆ ದಾಟುವವರಂತೆ ಮುಖ ತಿರುಗಿಸಿಕೊಂಡು ಆ ತೊಟ್ಟಿ ದಾಟುತ್ತಿದ್ದರು.

ಎಂಟನೇ ದಿನ ಇಲಾಖೆಯ ಹೆಂಗಸು ಬಂದಳು. ಮೂರನೇ ತೊಟ್ಟಿಯ ನೀರು ಹಿಡಿದು, ಪುಡಿ ಹಾಕಿ, ಕುಲುಕಿ, ನಳಿಕೆಯ ಹಿಂದೆ ಬಿಳಿ ಕಾಗದ ಹಿಡಿದಳು. ಒಂದು ನಿಮಿಷ. ಎರಡು. ನೀರು ನೀರಾಗಿಯೇ ಉಳಿಯಿತು.

ಹೆಂಗಸು ರುಜು ಹಾಕುತ್ತ ತೊಟ್ಟಿಯ ಕಡೆ ನೋಡಿದಳು. "ನೀರೇನೋ ಸರಿ ಇದೆ. ಆದ್ರೆ ನರ್ಸರಿಯವರ ಗಿಡ ಹೀಗಾ ಸೊರಗೋದು? ಸ್ವಲ್ಪ ಗೊಬ್ಬರ ಹಾಕ್ಬಾರ್ದಾ?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ಅದಕ್ಕೇನೂ ಹಾಕೋ ಹಾಗಿಲ್ಲಮ್ಮ," ಎಂದರು ಗಂಭೀರವಾಗಿ. "ಅದು ಡ್ಯೂಟಿಯಲ್ಲಿದೆ."